ಒಂದೇ ರೈಫಲ್ ಇಟ್ಟುಕೊಳ್ಳುವುದಾದರೆ ಯಾವ ಬೋರ್?

ಬೋರ್ ಅಂದರೆ ರೈಫಲ್ ಯಾವ ಕಾಡತೂಸು ತಿನ್ನುತ್ತದೆ ಅನ್ನುವ ಅಳತೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. .308 ವಿಂಚೆಸ್ಟರ್. ಹೆಸರು ಸಾಕು, ಕಾರಣ ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಕಾರಣ ತಿಳಿಯದೆ ಯಾರೂ ಬಂದೂಕು ಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೇಳಿದವನು ನನ್ನ ಅಕ್ಕನ ಮಗ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದಾನೆ. ಆಫೀಸಿನ ಗೆಳೆಯರ ಜೊತೆ ಬೇಟೆಗೆ ಹೋಗುವ ರೂಢಿಯಾಗಿದೆ, ಇಷ್ಟು ದಿನ ಬೇರೆಯವರ ರೈಫಲ್ ಹಿಡಿದು ಹೋಗುತ್ತಿದ್ದ, ಈಗ ಗ್ರೀನ್ ಕಾರ್ಡ್ ಬಂದಿದೆ, ಸ್ವಂತದ್ದು ಒಂದು ತಗೋಬೇಕು ಅಂತ ಮನಸ್ಸು ಮಾಡಿದ್ದಾನೆ. "ಮಾಮಾ, ಒಂದೇ ತಗೊಳ್ಳೋದು. ಜಿಂಕೆಗೂ ಆಗಬೇಕು, ಹಂದಿಗೂ ಆಗಬೇಕು, ಮುಂದೆ ಕೊಲೊರಾಡೋ ಕಡೆ ಎಲ್ಕ್ ಬೇಟೆಗೆ ಹೋದರೆ ಅದಕ್ಕೂ ನಡೀಬೇಕು. ಯಾವುದು ತಗೊಳ್ಳಲಿ?" ಅಂದ. ಎಲ್ಕ್ ಅಂದರೆ ಅಲ್ಲಿನ ದೊಡ್ಡ ಜಾತಿಯ ಜಿಂಕೆ. ಅಂಗಡಿಯವನು .300 ವಿಂಚೆಸ್ಟರ್ ಮ್ಯಾಗ್ನಮ್ ತಗೋ ಅಂದಿದ್ದಾನಂತೆ. ಮ್ಯಾಗ್ನಮ್ ಅಂದರೆ ಮದ್ದು ಜಾಸ್ತಿ ಹಿಡಿಯುವ ಕಾಡತೂಸು. ಗೆಳೆಯರಲ್ಲಿ ಒಬ್ಬ 6.5 ಕ್ರೀಡ್‌ಮೂರ್ ಅಂತಾನೆ, ಇನ್ನೊಬ್ಬನಿಗೆ ಅವನ ಅಜ್ಜನ .270 ಬಿಟ್ಟರೆ ಜಗತ್ತಿನಲ್ಲಿ ಬೇರೆ ರೈಫಲ್ಲೇ ಇಲ್ಲ.

ನಾನು ಯಾದಗಿರಿ ಜಿಲ್ಲೆಯ ಸುರಪುರದವನು. ಸೈನ್ಯದಲ್ಲಿ ಇಎಂಇ ಅನ್ನುವ ರಿಪೇರಿ ವಿಭಾಗದಲ್ಲಿ ಆರ್ಮರರ್ ಆಗಿದ್ದೆ, ಅಂದರೆ ಬಂದೂಕು ರಿಪೇರಿ ಮಾಡುವುದು, ಜೀರೋ ಮಾಡುವುದು (ಗುರಿ ಇಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸೈಟ್ ಸರಿಪಡಿಸುವುದು), ಗುಂಡು ಯಾಕೆ ಬೇರೆ ಕಡೆ ಹೋಗುತ್ತಿದೆ ಅಂತ ಹುಡುಕುವುದು ನನ್ನ ಕೆಲಸ. ಎಸ್‌ಎಲ್‌ಆರ್ ಎಂಬ ಹಳೇ ಸೈನ್ಯದ ರೈಫಲ್ ಇದ್ದ ಕಾಲದಲ್ಲಿ ಸೇರಿದವನು, ಅದರ ಜಾಗಕ್ಕೆ ಇನ್ಸಾಸ್ ಬಂದದ್ದನ್ನೂ ನೋಡಿದವನು. ಸುರಪುರದ ಕಡೆ ಬಂದೂಕಿನ ಮಾತು ಹೊಸದೇನೂ ಅಲ್ಲ. 1705ರಲ್ಲಿ ಔರಂಗಜೇಬ್ ತಾನೇ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ ಎದುರು ನಿಂತದ್ದು ನಮ್ಮ ಬೇಡರ ಬಂದೂಕುಗಾರರು. ಈಗಲೂ ಹಳೇ ಮನೆತನಗಳಲ್ಲಿ ಲೈಸೆನ್ಸ್ ಬಂದೂಕು ಇವೆ. ಎಲೆಕ್ಷನ್ ಬಂದಾಗ ಪೊಲೀಸ್ ಠಾಣೆಗೆ ಜಮಾ ಆಗುತ್ತವೆ, ಮುಗಿದ ಮೇಲೆ ವಾಪಸ್ ಬರುತ್ತವೆ.

ಒಂದು ಮಾತು ಸ್ಪಷ್ಟ ಇರಲಿ. ನಮ್ಮ ದೇಶದಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಶೇಂಗಾ ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನು ಕೂಡ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಬೀದರ್ ಕಡೆ ಹೊಲದಲ್ಲಿ ಚಿಗರಿ ಹಿಂಡು ನಿಂತಿರುವುದನ್ನು ನೋಡಿದರೆ ನನಗೆ ಕೈಗೆ ಬಂದೂಕು ಬೇಕು ಅನ್ನಿಸುವುದಿಲ್ಲ, ಬೈನಾಕ್ಯುಲರ್ ಬೇಕು ಅನ್ನಿಸುತ್ತದೆ. ಟೆಕ್ಸಾಸ್‌ನ ಲೆಕ್ಕ ಬೇರೆ. ಅಲ್ಲಿ ಕಾಡುಹಂದಿ ಹೊರಗಿನಿಂದ ಬಂದ ಪ್ರಾಣಿ, ಬೆಳೆ ಹಾಳು ಮಾಡುತ್ತದೆ, ಹೊಡೆಯಲು ಮಿತಿಯೇ ಇಟ್ಟಿಲ್ಲ. ನಮ್ಮ ನೀಲಗಾಯಿ, ನಮ್ಮ ಚಿಗರಿ, ನಮ್ಮ ಚುಕ್ಕಿ ಜಿಂಕೆ ಕೂಡ ಅಲ್ಲಿವೆ! 1920–30ರ ದಶಕಗಳಲ್ಲಿ ದಕ್ಷಿಣ ಟೆಕ್ಸಾಸ್‌ನ ಕಿಂಗ್ ರ‍್ಯಾಂಚ್‌ಗೆ ನೀಲಗಾಯಿ ತಂದು ಬಿಟ್ಟರು, ಇಂದು ಅವು ಅಲ್ಲಿ ಬೇಲಿ ದಾಟಿ ಹಿಂಡು ಹಿಂಡಾಗಿ ಓಡಾಡಿಕೊಂಡಿವೆ. ಹಾಗಾಗಿ ಆ ನೆಲದ ಕಾಯ್ದೆ, ಆ ನೆಲದ ಪ್ರಾಣಿ ಹಿಡಿದೇ ಬೋರ್ ಯೋಚಿಸಬೇಕು.

ಬೋರ್ ಪುಸ್ತಕದಿಂದ ಶುರು ಮಾಡಬಾರದು, ಪ್ರಾಣಿಯಿಂದ ಶುರು ಮಾಡಬೇಕು. ಟೆಕ್ಸಾಸ್‌ನ ಬಿಳಿಬಾಲದ ಜಿಂಕೆ ಐವತ್ತು ಅರವತ್ತು ಕೆಜಿ ತೂಗುತ್ತದೆ. ಹಂದಿ ಸಾಮಾನ್ಯವಾಗಿ ನೂರರ ಒಳಗೆ, ಒಮ್ಮೊಮ್ಮೆ ಜಾಸ್ತಿ. ಗಂಡು ನೀಲಗಾಯಿ 250 ಕೆಜಿ ದಾಟುತ್ತದೆ, ಚರ್ಮ ದಪ್ಪ, ಎಲುಬು ಗಟ್ಟಿ, ಪೆಟ್ಟು ತಿಂದರೂ ಓಡುವ ಪ್ರಾಣಿ ಅಂತ ಅಲ್ಲಿನವರೇ ಹೇಳುತ್ತಾರೆ. ಗಂಡು ಎಲ್ಕ್ 300 ಕೆಜಿಗೂ ಮೇಲೆ. ಅಂದರೆ ಐವತ್ತರಿಂದ ಮುನ್ನೂರು ಕೆಜಿವರೆಗೆ, ಹತ್ತಿರದಲ್ಲಿ ಐವತ್ತು ಗಜದಿಂದ ದೂರದಲ್ಲಿ ಮುನ್ನೂರು ಗಜದವರೆಗೆ. ಎಲ್ಲಕ್ಕೂ ಆಗಬೇಕು ಅಂದರೆ ಇಷ್ಟೇ ಅರ್ಥ. ಆಫ್ರಿಕಾದ ಕಾಡೆಮ್ಮೆ, ಆನೆ ಇದರಲ್ಲಿ ಬರುವುದಿಲ್ಲ. ಅದಕ್ಕೆ .375 ಎಚ್ ಆಂಡ್ ಎಚ್ ಅಂತ 1912ರಲ್ಲೇ ಬಂದ ದೊಡ್ಡ ಬೋರ್ ಇದೆ, ಆ ದಾರಿ ಬೇರೆಯವರದ್ದು.

ಇನ್ನು ನಂಬರಿನ ಗೊಂದಲ. .308 ಅಂದರೆ ಗುಂಡಿನ ಅಡ್ಡಳತೆ ಇಂಚಿನಲ್ಲಿ, ಸರಿ. ಆದರೆ .30-30, .308, .30-06, .300 ಮ್ಯಾಗ್ನಮ್, ಈ ನಾಲ್ಕಕ್ಕೂ ಹಾಕುವ ಗುಂಡಿನ ಅಡ್ಡಳತೆ ಅದೇ .308 ಇಂಚು. ಬೇರೆಯಾಗುವುದು ಕಾಡತೂಸಿನಲ್ಲಿ ಗುಂಡಿನ ಹಿಂದೆ ಮದ್ದು ತುಂಬುವ ಕೊಳವೆ ಎಷ್ಟು ಉದ್ದ, ಅದರಲ್ಲಿ ಮದ್ದು ಎಷ್ಟು ಹಿಡಿಯುತ್ತದೆ ಅನ್ನುವುದು. .30-06ರ ಹಿಂದಿನ 06 ಅಂದರೆ 1906, ಅಮೆರಿಕದ ಸೈನ್ಯ ಅದನ್ನು ತೆಗೆದುಕೊಂಡ ವರ್ಷ. .270ರ ಗುಂಡು ನಿಜಕ್ಕೂ .277 ಇಂಚು. ಆದ್ದರಿಂದ ನಂಬರ್ ನೋಡಿ ಇದು ದೊಡ್ಡದು ಅದು ಸಣ್ಣದು ಅಂತ ತೀರ್ಮಾನ ಮಾಡಬಾರದು.

ಬೋರ್ ಬಗ್ಗೆ ಜಗಳ ಆಡುವವರು ಮರೆಯುವುದು ಗುಂಡನ್ನು. ಪ್ರಾಣಿ ಸಾಯುವುದು ಗುಂಡಿನ ಹೆಸರಿಗೆ ಹೆದರಿ ಅಲ್ಲ. ಮುಂಗಾಲಿನ ಹಿಂದೆ, ಎದೆಗೂಡಿನಲ್ಲಿ, ಎರಡೂ ಶ್ವಾಸಕೋಶ ಅಥವಾ ಹೃದಯದ ಮೂಲಕ ಗುಂಡು ಹಾಯ್ದರೆ ರಕ್ತದ ಒತ್ತಡ ಕುಸಿಯುತ್ತದೆ, ಮೆದುಳಿಗೆ ರಕ್ತ ನಿಲ್ಲುತ್ತದೆ, ಕೆಲವೇ ಸೆಕೆಂಡಿನಲ್ಲಿ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ ಮ್ಯಾಗ್ನಮ್ ಆದರೂ ಅಷ್ಟೇ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಪೊದೆಯೊಳಗೆ ಹೋಗಿ ಒದ್ದಾಡಿ ಸಾಯುತ್ತದೆ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಕೊಲ್ಲುವ ಹಕ್ಕು ಕಾಯ್ದೆ ಕೊಡಬಹುದು, ನರಳಿಸುವ ಹಕ್ಕು ಯಾವ ಲೈಸೆನ್ಸೂ ಕೊಡುವುದಿಲ್ಲ. ಬೋರ್ ಆರಿಸುವ ಇಡೀ ಪ್ರಶ್ನೆ ನನ್ನ ಲೆಕ್ಕದಲ್ಲಿ ಇದೊಂದೇ: ಯಾವುದರಿಂದ ಈ ಮನುಷ್ಯ ಪ್ರತಿಸಲ ಎದೆಗೂಡಿಗೇ ಹೊಡೆಯಬಲ್ಲ?

ಆ ಗುಂಡು ಒಳಗೆ ಹೋಗಿ ಏನು ಮಾಡಬೇಕು? ಅರಳಬೇಕು. ಮುಂದಿನ ಮೂತಿ ಹಿಗ್ಗಿ ಅಗಲವಾಗಬೇಕು, ಆದರೆ ಚೂರು ಚೂರಾಗದೆ ಆಚೆ ಬದಿಯವರೆಗೂ ಹೋಗಬೇಕು. ಸೈನ್ಯದ ಗುಂಡು ಹಾಗಲ್ಲ. ಅದು ಪೂರ್ತಿ ತಾಮ್ರದ ಹೊದಿಕೆಯದ್ದು, ಮೂತಿ ಅರಳುವುದಿಲ್ಲ, ಎಷ್ಟೋ ಸಲ ಗೋಣಿಚೀಲಕ್ಕೆ ದಬ್ಬಣ ಚುಚ್ಚಿದ ಹಾಗೆ ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ. 1890ರ ದಶಕದಲ್ಲಿ ಕೋಲ್ಕತ್ತಾ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ತಮ್ಮ ಸೈನ್ಯದ .303 ಬೋರಿಗೆ ಅರಳುವ ಗುಂಡು ಮಾಡಿದ್ದರು. 1899ರ ಹೇಗ್ ಒಪ್ಪಂದದಲ್ಲಿ ಯುದ್ಧಕ್ಕೆ ಅಂಥ ಗುಂಡು ಬೇಡ ಅಂತ ಆಯಿತು. ಬೇಟೆಯ ಕಾಯ್ದೆ ಇದಕ್ಕೆ ತದ್ವಿರುದ್ಧ. ಕೊಲೊರಾಡೋದಲ್ಲಿ ಎಲ್ಕ್, ಜಿಂಕೆಗೆ ಅರಳುವ ಗುಂಡೇ ಹಾಕಬೇಕು, ಕನಿಷ್ಠ .24 ಇಂಚಿನ ಬೋರ್ ಇರಬೇಕು, ನೂರು ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡ್ (ಸುಮಾರು 1,350 ಜೌಲ್) ಶಕ್ತಿ ಉಳಿದಿರಬೇಕು, ಎಲ್ಕ್‌ಗೆ ಗುಂಡಿನ ತೂಕ ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ). ಸೈನಿಕ ಬೇಗ ಗಾಯಾಳುವಾದರೆ ಸಾಕು, ಪ್ರಾಣಿ ಮಾತ್ರ ಬೇಗ ಸಾಯಬೇಕು. ಎರಡರ ಉದ್ದೇಶವೇ ಬೇರೆ. ಹಾಗಾಗಿ ಅಳಿಯನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ, ಸರ್ಪ್ಲಸ್ ಮಿಲಿಟರಿ ಕಾಡತೂಸು ಅಗ್ಗ ಅಂತ ತಂದು ಟಾರ್ಗೆಟ್‌ಗೆ ಹೊಡಿ, ಪ್ರಾಣಿಗೆ ಬೇಡ.

ಈಗ ಪೈಪೋಟಿಗೆ ನಿಂತವುಗಳನ್ನು ನೋಡೋಣ.

.243 ವಿಂಚೆಸ್ಟರ್ 1955ರದ್ದು. 100 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 2,960 ಅಡಿ ವೇಗ, ಶಕ್ತಿ 2,600 ಜೌಲ್ ಚಿಲ್ಲರೆ. ಜಿಂಕೆಗೆ ಬಹಳ ಚೆಂದ, ಒದೆತ (ಹೊಡೆದಾಗ ರೈಫಲ್ ಭುಜಕ್ಕೆ ಕೊಡುವ ಪೆಟ್ಟು) ಕಡಿಮೆ. ಆದರೆ ಎಲ್ಕ್‌ಗೆ, ಗಂಡು ನೀಲಗಾಯಿಗೆ ನಾನು ಇದನ್ನು ಹೇಳಲಾರೆ. ಕಾಯ್ದೆ ಬಿಡುತ್ತದೆ, ನನ್ನ ಮನಸ್ಸು ಬಿಡುವುದಿಲ್ಲ. ಭುಜದ ಎಲುಬು ಅಡ್ಡ ಬಂದರೆ ಹಗುರ ಗುಂಡು ಆಚೆ ಮುಟ್ಟುವ ಭರವಸೆ ಇಲ್ಲ.

6.5 ಕ್ರೀಡ್‌ಮೂರ್ ಹೊಸದು, 6.5 ಅಂದರೆ ಇಲ್ಲಿ ಮಿಲಿಮೀಟರ್, 2007ರಲ್ಲಿ ಹಾರ್ನಡಿ ಕಂಪನಿ ತಂದದ್ದು. 143 ಗ್ರೇನ್ ಗುಂಡು, 2,700 ಅಡಿ ವೇಗ, ಸುಮಾರು 3,100 ಜೌಲ್. ಉದ್ದನೆಯ ತೆಳ್ಳನೆ ಗುಂಡು, ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ದೂರಕ್ಕೆ ಹೋದಂತೆ ವೇಗ ಉಳಿಸಿಕೊಳ್ಳುತ್ತದೆ. ಇದನ್ನು ಹುಡುಗರ ಫ್ಯಾಷನ್ ಅಂತ ತಳ್ಳಿಹಾಕುವವರ ಜೊತೆ ನಾನು ಇಲ್ಲ. ಸ್ವೀಡನ್, ನಾರ್ವೆಯವರು 1894ರಿಂದ ಇದೇ ಅಳತೆಯ 6.5×55 ಹಿಡಿದು ಮೂಸ್ ಹೊಡೆಯುತ್ತಾ ಬಂದಿದ್ದಾರೆ. ಅದು ಎಲ್ಕ್‌ಗಿಂತಲೂ ದೊಡ್ಡ ಪ್ರಾಣಿ. ಅಂದಮೇಲೆ ಈ ಬೋರ್ ಸಾಕಾಗುವುದಿಲ್ಲ ಅನ್ನುವ ಮಾತೇ ಬರುವುದಿಲ್ಲ, ಅಲ್ವಾ?

.270 ವಿಂಚೆಸ್ಟರ್ ಹಳೇ ಹುಲಿ, 1925ರದ್ದು. 130 ಗ್ರೇನ್, 3,060 ಅಡಿ, 3,650 ಜೌಲ್ ಆಸುಪಾಸು. ಬಯಲು ನೆಲದಲ್ಲಿ ನೇರವಾಗಿ ಹೋಗುತ್ತದೆ. ಇದನ್ನು ಹಿಡಿದವನಿಗೆ ಬದಲಿಸು ಅಂತ ನಾನು ಹೇಳುವುದಿಲ್ಲ.

.308 ಬಂದದ್ದು 1952ರಲ್ಲಿ. ಅದರ ಸೋದರ 7.62×51 ಅನ್ನು ನ್ಯಾಟೋ 1954ರಲ್ಲಿ ಒಪ್ಪಿಕೊಂಡಿತು, ನಮ್ಮ ಎಸ್‌ಎಲ್‌ಆರ್ ತಿಂದದ್ದೂ ಅದೇ ಕಾಡತೂಸು. 165 ಗ್ರೇನ್ ಗುಂಡಿಗೆ 2,700 ಅಡಿ, ಸುಮಾರು 3,600 ಜೌಲ್. ಅದೇ 165 ಗ್ರೇನ್ ಗುಂಡನ್ನು .30-06 ಸುಮಾರು 2,800 ಅಡಿ ವೇಗದಲ್ಲಿ ಕಳಿಸುತ್ತದೆ, 3,900 ಜೌಲ್ ಹತ್ತಿರ. .300 ಮ್ಯಾಗ್ನಮ್ 180 ಗ್ರೇನ್ ಗುಂಡನ್ನು 2,960 ಅಡಿಗೆ ತಳ್ಳುತ್ತದೆ, 4,700 ಜೌಲ್ ದಾಟುತ್ತದೆ.

ಕಾಗದದ ಮೇಲೆ ಮ್ಯಾಗ್ನಮ್ ಗೆದ್ದಂತೆ ಕಾಣುತ್ತದೆ. ಹೊಲದಲ್ಲಿ ಏನಾಗುತ್ತದೆ ನೋಡಿ. ಎಲ್ಲವನ್ನೂ 200 ಗಜಕ್ಕೆ ಜೀರೋ ಮಾಡಿದರೆ, 300 ಗಜದಲ್ಲಿ .308ರ ಗುಂಡು ಎಂಟು ಒಂಬತ್ತು ಇಂಚು ಕೆಳಗೆ ಬೀಳುತ್ತದೆ, .270 ಮತ್ತು .300 ಮ್ಯಾಗ್ನಮ್ ಆರೂವರೆ ಏಳು ಇಂಚು. ವ್ಯತ್ಯಾಸ ಎರಡು ಇಂಚು! ಜಿಂಕೆಯ ಎದೆಗೂಡಿನ ಗುರಿ ಜಾಗವೇ ಸುಮಾರು ಎಂಟು ಇಂಚು ಅಗಲ. 200 ಗಜದ ಜೀರೋ ಇಟ್ಟರೆ 100 ಗಜದಲ್ಲಿ ಗುಂಡು ಎರಡು ಇಂಚಿನಷ್ಟು ಮೇಲೆ, 250 ಗಜದಲ್ಲಿ ನಾಲ್ಕು ಇಂಚಿನ ಒಳಗೇ ಕೆಳಗೆ. ಅಂದರೆ 250 ಗಜದವರೆಗೆ ಲೆಕ್ಕ ಹಾಕುವ ಕೆಲಸವೇ ಇಲ್ಲ, ಎದೆಯ ನಡುವಿಗೆ ಗುರಿ ಇಟ್ಟು ಟ್ರಿಗರ್ ಒತ್ತಿದರೆ ಆಯಿತು. ಟೆಕ್ಸಾಸ್‌ನ ಜಾಲಿ ಪೊದೆಗಳ ನಡುವೆ ಜಿಂಕೆ ಕಾಣುವುದೇ ನೂರು, ನೂರೈವತ್ತು ಗಜದಲ್ಲಿ. ಆ ಎರಡು ಇಂಚಿಗೋಸ್ಕರ ಮ್ಯಾಗ್ನಮ್‌ನ ಬೆಲೆ ತೆರಬೇಕಾ?

ಬೆಲೆ ಅಂದರೆ ಬರೀ ದುಡ್ಡಲ್ಲ. ಒದೆತ. ಒಂದೇ ತೂಕದ ರೈಫಲ್‌ನಲ್ಲಿ .300 ಮ್ಯಾಗ್ನಮ್‌ನ ಒದೆತ .308ಕ್ಕಿಂತ ಒಂದೂವರೆ ಪಟ್ಟು, 6.5 ಕ್ರೀಡ್‌ಮೂರ್‌ಗಿಂತ ಎರಡು ಪಟ್ಟು. ಗಂಡಸಾದವನಿಗೆ ಇದೇನು ದೊಡ್ಡದು ಅನ್ನುವವರಿಗೆ ಫೈರಿಂಗ್ ರೇಂಜಿನ ಒಂದು ಮಾತು ಹೇಳುತ್ತೇನೆ. ಎಸ್‌ಎಲ್‌ಆರ್ ಕಾಲದಲ್ಲಿ ಹೊಸ ಹುಡುಗರು "ಸಾಬ್, ರೈಫಲ್ ಜೀರೋ ಬಿಟ್ಟಿದೆ, ಗುಂಡು ಕೆಳಗೆ ಬಲಕ್ಕೆ ಹೋಗ್ತಿದೆ" ಅಂತ ತಂದುಕೊಡುತ್ತಿದ್ದರು. ನಾನು ಅದೇ ರೈಫಲ್ ಮರಳು ಚೀಲದ ಮೇಲಿಟ್ಟು ಹೊಡೆದರೆ ನಡುಗುರಿಗೇ ಬೀಳುತ್ತಿತ್ತು. ರೈಫಲ್‌ಗೆ ಏನೂ ಆಗಿರುತ್ತಿರಲಿಲ್ಲ. ಹುಡುಗ ಬೆಚ್ಚುತ್ತಿದ್ದ. ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿ, ಭುಜ ಮುಂದೆ ತಳ್ಳಿ, ಬೆರಳನ್ನು ಝಾಡಿಸಿ ಎಳೆಯುತ್ತಿದ್ದ. ಗಟ್ಟಿಮುಟ್ಟಾದ, ಕುಸ್ತಿ ಆಡಿ ಬಂದ ಹುಡುಗರೂ ಇದರಲ್ಲಿ ಇರುತ್ತಿದ್ದರು. ಇದು ಧೈರ್ಯದ ಪ್ರಶ್ನೆ ಅಲ್ಲವೇ ಅಲ್ಲ. ಕಿವಿಯ ಪಕ್ಕದಲ್ಲಿ ಸದ್ದು, ಭುಜಕ್ಕೆ ಪೆಟ್ಟು, ಎರಡನ್ನೂ ದೇಹ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ನಿಮ್ಮನ್ನು ಕೇಳದೆ ತಾನೇ ತಪ್ಪಿಸಿಕೊಳ್ಳಲು ನೋಡುತ್ತದೆ.

ಅದನ್ನು ಕಂಡುಹಿಡಿಯುವ ಉಪಾಯ ಸುಲಭ. ಮ್ಯಾಗಜಿನ್‌ನಲ್ಲಿ ಗೊತ್ತಾಗದ ಹಾಗೆ ಒಂದೆರಡು ಡಮ್ಮಿ ಕಾಡತೂಸು ಬೆರೆಸಿ ಕೊಡಬೇಕು. ಡಮ್ಮಿ ಬಂದಾಗ ಟಕ್ ಅನ್ನುತ್ತದೆ, ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆ ಗಕ್ಕನೆ ಕೆಳಗೆ ಬಾಗಿತು ಅಂದರೆ ಹೊಡೆಯುವವನು ಬೆಚ್ಚುತ್ತಿದ್ದಾನೆ ಅಂತ ಅರ್ಥ. ಅಳಿಯನಿಗೂ ಇದನ್ನೇ ಮಾಡಿ ನೋಡಲು ಹೇಳಿದೆ, ಗೆಳೆಯನ .300 ಮ್ಯಾಗ್ನಮ್ ಇಸಕೊಂಡು, ಇನ್ನೊಬ್ಬನ .308 ಇಸಕೊಂಡು, ಒಂದೇ ದಿನ. ಮಾಡಿದ. ಮ್ಯಾಗ್ನಮ್‌ನಲ್ಲಿ ನಳಿಗೆ ಬಾಗಿತು, .308ರಲ್ಲಿ ಅಲುಗಲಿಲ್ಲ ಅಂತ ಅವನೇ ವಿಡಿಯೋ ಕಳಿಸಿದ. ಅಲ್ಲಿಗೆ ಅಂಗಡಿಯವನ ಮಾತು ಬಿದ್ದುಹೋಯಿತು.

ಇನ್ಸಾಸ್ ಬಂದ ಮೇಲೆ ಇದೇ ತೊಂದರೆ ಎಷ್ಟು ಕಡಿಮೆಯಾಯಿತು ಅಂದರೆ, 5.56ರ ಸಣ್ಣ ಒದೆತದಲ್ಲಿ ಮೊದಲ ದಿನದಿಂದಲೇ ಹುಡುಗರು ಟ್ರಿಗರ್ ನಿಧಾನವಾಗಿ ಒತ್ತುವುದನ್ನು ಕಲಿಯುತ್ತಿದ್ದರು. ಅದಕ್ಕೇ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಬಹಳ ಹಗುರ ರೈಫಲ್ ಬೇಡ. ಬೆಟ್ಟ ಹತ್ತಲು ಚೆನ್ನ ಅಂತ ಎರಡೂವರೆ ಕೆಜಿಯದ್ದು ತಗೊಂಡರೆ .308 ಕೂಡ ಮ್ಯಾಗ್ನಮ್ ಥರ ಒದೆಯುತ್ತದೆ. ಸ್ಕೋಪ್ ಸೇರಿ ಮೂರೂವರೆಯಿಂದ ನಾಲ್ಕು ಕೆಜಿ ಇರಲಿ. ಭುಜಕ್ಕೆ ಒಳ್ಳೆ ರಬ್ಬರ್ ಪ್ಯಾಡ್ ಇರಲಿ, ಕಿವಿಗೆ ಮಫ್ ತಪ್ಪದೇ ಇರಲಿ. ಅರ್ಧ ಬೆಚ್ಚುವುದು ಸದ್ದಿಗೆ.

ಹಾಗಾದರೆ ಒದೆತ ಇನ್ನೂ ಕಡಿಮೆ ಇರುವ 6.5 ಯಾಕಲ್ಲ? ನ್ಯಾಯವಾದ ಪ್ರಶ್ನೆ. ಅವನ ಹೆಂಡತಿಯೂ ರೇಂಜಿಗೆ ಹೋಗಲು ಶುರು ಮಾಡಿದ್ದಾಳೆ, ಮುಂದೆ ಅವಳಿಗೆ ಅಂತಲೇ ರೈಫಲ್ ತಗೊಂಡರೆ ನಾನು ಯೋಚನೆ ಮಾಡದೆ 6.5 ಅನ್ನುತ್ತೇನೆ. ಆದರೆ ಒಂದೇ ರೈಫಲ್‌ನಲ್ಲಿ ನೀಲಗಾಯಿಯೂ ಹಂದಿಯೂ ಎಲ್ಕೂ ಇದೆ. ಓರೆಯಾಗಿ ನಿಂತ ದೊಡ್ಡ ಪ್ರಾಣಿಗೆ ಸ್ವಲ್ಪ ಭಾರದ, ಸ್ವಲ್ಪ ಅಗಲದ ಗುಂಡು ಇದ್ದರೆ ನನಗೆ ಸಮಾಧಾನ. .308ರಲ್ಲಿ 150, 165, 180 ಗ್ರೇನ್ ಯಾವುದು ಬೇಕೋ ಅದು ಸಿಗುತ್ತದೆ, ಒದೆತವನ್ನು ಸಾಮಾನ್ಯ ಮೈಕಟ್ಟಿನವನು ಅಭ್ಯಾಸದಿಂದ ಗೆಲ್ಲಬಹುದು. ಗೆಲ್ಲಲು ಆಗದವನು ನಾಚಿಕೆ ಪಡದೆ 6.5 ಹಿಡಿಯಬೇಕು. ಎದೆಗೂಡಿಗೆ ಬಿದ್ದ 6.5, ಹೊಟ್ಟೆಗೆ ಬಿದ್ದ .300ಕ್ಕಿಂತ ಸಾವಿರ ಪಾಲು ಮೇಲು.

.30-06 ಯಾಕಲ್ಲ ಅಂತ ಕೇಳಿದರೆ, ಅದನ್ನು ಬೇಡ ಅನ್ನಲು ನನ್ನ ಹತ್ತಿರ ದೊಡ್ಡ ಕಾರಣವಿಲ್ಲ. ನೂರು ವರ್ಷ ದಾಟಿದ ಬೋರ್, ಭಾರದ ಗುಂಡುಗಳನ್ನು .308ಕ್ಕಿಂತ ಚೆನ್ನಾಗಿ ಎಸೆಯುತ್ತದೆ. ಅಲಾಸ್ಕಾದಲ್ಲಿ ಮನೆ ಮಾಡಿದವನಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ .308ರ ಕೊಳವೆ 51 ಮಿಮೀ, .30-06ರದ್ದು 63 ಮಿಮೀ. ಹಾಗಾಗಿ .308 ರೈಫಲ್‌ನ ಬೋಲ್ಟ್ (ಕಾಡತೂಸು ಒಳಗೆ ತಳ್ಳುವ ಭಾಗ) ಗಿಡ್ಡ, ರೈಫಲ್ ತುಸು ಚಿಕ್ಕದು, ನಳಿಗೆ 20 ಅಥವಾ 22 ಇಂಚು ಇದ್ದರೂ ವೇಗ ಜಾಸ್ತಿ ಕಳೆದುಕೊಳ್ಳುವುದಿಲ್ಲ. ಆ ನೂರು ಅಡಿ ವೇಗದ ಲಾಭ ಟೆಕ್ಸಾಸ್‌ನ ದೂರಕ್ಕೆ ಗೊತ್ತೂ ಆಗುವುದಿಲ್ಲ.

ಇನ್ನು ಕಾಡತೂಸು ಸಿಗುವ ಮಾತು. ಇದನ್ನು ನಮ್ಮ ದೇಶದವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಬ್ರಿಟಿಷರು ಸೈನ್ಯದ .303 ಅನ್ನು ಜನರ ಕೈಗೆ ಕೊಡಲು ಹೆದರಿದರು. ಅದಕ್ಕೇ ಆಸ್ಟ್ರಿಯಾದ ಹಳೇ 8×50 ಮ್ಯಾನ್‌ಲಿಕರ್ ಕಾಡತೂಸು ನಮ್ಮಲ್ಲಿ .315 ಬೋರ್ ಆಗಿ ನಿಂತಿತು, ಇಂದಿಗೂ ನಿಂತಿದೆ. ಸೈನ್ಯದ ಬೋರ್ ನಿಷೇಧ ಸ್ವಾತಂತ್ರ್ಯ ಬಂದ ಮೇಲೂ ಹೋಗಲಿಲ್ಲ. ಬೇರೆ ದೇಶದಲ್ಲಿ ಮ್ಯೂಸಿಯಂ ಸೇರಿದ ಕಾಡತೂಸಿಗೆ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ರೈಫಲ್ ಮಾಡಿಕೊಂಡು ಬಂದವು. ಹಾಗಾಗಿ ಇಲ್ಲಿ ಲೈಸೆನ್ಸ್ ಇರುವವನು ಬೋರ್ ಆರಿಸುವುದು ಕಮ್ಮಿ, ಯಾವುದಕ್ಕೆ ಕಾಡತೂಸು ಸಿಗುತ್ತದೆಯೋ ಅದೇ ಅವನ ಬೋರ್. ನಮ್ಮ ತಾಲೂಕಿನಲ್ಲೇ ಒಂದು ಮನೆಯಲ್ಲಿ ಮುತ್ತಜ್ಜನ ಕಾಲದ ವಿಲಾಯತಿ ರೈಫಲ್ ಇದೆ. ಮರದ ಕೆಲಸ ನೋಡಿದರೆ ಕಣ್ಣು ತುಂಬುತ್ತದೆ, ಬೋಲ್ಟ್ ಬೆಣ್ಣೆಯಷ್ಟು ನುಣುಪು. ಅದರ ಬೋರಿಗೆ ಕಾಡತೂಸು ಸಿಗುವುದು ನಿಂತು ಎಷ್ಟೋ ವರ್ಷವಾಯಿತು. ಎಣ್ಣೆ ಹಾಕುತ್ತಾರೆ, ದಸರೆಗೆ ಪೂಜೆ ಮಾಡುತ್ತಾರೆ, ಲೈಸೆನ್ಸ್ ನವೀಕರಣಕ್ಕೆ ಓಡಾಡುತ್ತಾರೆ, ಅಷ್ಟೇ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಅಂತ ಆಯಿತು, ಆಗ ಅದನ್ನು ಬಿಡಬೇಕೋ 12 ಬೋರ್ ಬಿಡಬೇಕೋ ಅಂತ ಮನೆಯಲ್ಲಿ ಎಷ್ಟು ಸಂಕಟ ಪಟ್ಟರು ಅಂತ ನಾನು ಕಂಡಿದ್ದೇನೆ.

ಅಮೆರಿಕದಲ್ಲಿ ಆ ಕಷ್ಟವಿಲ್ಲ ಅಂತ ಅಳಿಯ ನಕ್ಕ. ಪೂರ್ತಿ ನಿಜವಲ್ಲ. ಕೋವಿಡ್ ಕಾಲದಲ್ಲಿ ಅಲ್ಲಿಯೂ ಅಂಗಡಿಗಳ ಕಪಾಟು ಖಾಲಿಯಾಗಿದ್ದವು. ಅಂಥ ಹೊತ್ತಿನಲ್ಲಿ ಕೊನೆಗೆ ವಾಪಸ್ ಬರುವುದು ಅಪರೂಪದ ಬೋರ್‌ಗಳು. .308, .30-06, .270 ಥರದವು ಸಣ್ಣ ಊರಿನ ಅಂಗಡಿಯಲ್ಲೂ ಇರುತ್ತವೆ, ಪ್ರತಿ ಕಂಪನಿಯೂ ಮಾಡುತ್ತದೆ. ಕಾಡತೂಸು ಅಗ್ಗವಾಗಿದ್ದರೆ ಅಭ್ಯಾಸ ಜಾಸ್ತಿ ಆಗುತ್ತದೆ, ಅಭ್ಯಾಸ ಜಾಸ್ತಿ ಆದರೆ ಗುಂಡು ಬೀಳುವ ಜಾಗ ಸರಿಹೋಗುತ್ತದೆ. ಮ್ಯಾಗ್ನಮ್‌ನವನು ದುಬಾರಿ ಅಂತ ವರ್ಷಕ್ಕೆ ಒಂದು ಡಬ್ಬಿ ಹೊಡೆಯುತ್ತಾನೆ, ಅದರಲ್ಲೂ ಅರ್ಧ ಜೀರೋ ಮಾಡಲು ಹೋಗುತ್ತದೆ.

ಗುಂಡಿನ ಆಯ್ಕೆ ಹೀಗೆ ಇರಲಿ. ಜಿಂಕೆ, ಹಂದಿಗೆ 150 ಗ್ರೇನ್ ಸಾಫ್ಟ್ ಪಾಯಿಂಟ್ ಗುಂಡು (ಮೂತಿಯಲ್ಲಿ ಸೀಸ ಹೊರಗೆ ಕಾಣುವುದು) ಧಾರಾಳ ಸಾಕು. ಆದರೆ ಎರಡೆರಡು ಥರದ ಗುಂಡು ಇಟ್ಟುಕೊಂಡು ಪ್ರತಿಸಲ ಜೀರೋ ಬದಲಿಸುತ್ತಾ ಕೂರುವುದಕ್ಕಿಂತ 165 ಗ್ರೇನ್‌ನ ಬಾಂಡೆಡ್ ಗುಂಡು, ಅಂದರೆ ಒಳಗಿನ ಸೀಸ ಹೊರಗಿನ ತಾಮ್ರಕ್ಕೆ ಬೆಸೆದುಕೊಂಡಿರುವುದು, ಒಂದನ್ನೇ ಹಿಡಿದು ಎಲ್ಲಕ್ಕೂ ಅದನ್ನೇ ಹಾಕುವುದು ನನಗೆ ಸರಿ ಕಾಣುತ್ತದೆ. ಜಿಂಕೆಗೆ ಅರಳುತ್ತದೆ, ನೀಲಗಾಯಿಗೆ ಒಡೆಯುವುದಿಲ್ಲ. ಪೂರ್ತಿ ತಾಮ್ರದ ಗುಂಡೂ ಇವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ನಿಷೇಧ, ಅಲ್ಲಿ ಅದನ್ನೇ ಬಳಸಬೇಕು. ಸೀಸದ ಚೂರು ಉಳಿದ ಮಾಂಸ ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವು, ಅದಕ್ಕೇ ಆ ಕಾಯ್ದೆ. ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುತ್ತಾರೆ ಅಂದರೆ ನಿಷೇಧ ಇಲ್ಲದ ಕಡೆಯೂ ತಾಮ್ರದ ಬಗ್ಗೆ ಯೋಚಿಸಬೇಕು ಅಂತ ನನ್ನ ಅಭಿಪ್ರಾಯ. ತಾಮ್ರದ್ದಾದರೆ 150 ಗ್ರೇನ್ ಸಾಕು, ಅದು ತೂಕ ಕಳೆದುಕೊಳ್ಳದೆ ಆಳಕ್ಕೆ ಹೋಗುತ್ತದೆ.

ಕಾಯ್ದೆಯ ವಿಷಯ ಅವನ ಥರ ಅಲ್ಲಿರುವ ನಮ್ಮ ಹುಡುಗರಿಗೆ ಬೇಗ ಹೇಳಿಬಿಡುತ್ತೇನೆ. ಎಚ್-1ಬಿ ಥರದ ವೀಸಾದಲ್ಲಿರುವವರು ಅಲ್ಲಿನ ಕೇಂದ್ರ ಕಾಯ್ದೆ ಪ್ರಕಾರ ಸುಮ್ನೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಆ ನಿಯಮಕ್ಕಿರುವ ವಿನಾಯಿತಿಗಳಲ್ಲಿ ಒಂದು. ಗೆಳೆಯನ ರೈಫಲ್ ಕೈಗೆತ್ತಿಕೊಳ್ಳುವ ಮುಂಚೆಯೇ ಇದನ್ನು ನೋಡಿಕೊಳ್ಳಿ, ಸಣ್ಣ ಅಜಾಗರೂಕತೆಗೆ ವೀಸಾ ಹೋಗುವ ಪಾಡು ಬೇಡ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆಯ ತರಬೇತಿ ಪಾಠ ಕಡ್ಡಾಯ. ಮತ್ತೆ ಬಹಳ ಸಣ್ಣ ಕಾಡತೂಸಿನ .22 ರಿಮ್‌ಫೈರ್‌ನಿಂದ ಅಲ್ಲಿ ಬಿಳಿಬಾಲದ ಜಿಂಕೆ ಹೊಡೆಯುವಂತಿಲ್ಲ. ಅದು ಅಭ್ಯಾಸಕ್ಕೆ ಮಾತ್ರ. ಅಭ್ಯಾಸಕ್ಕೆ ಅಂದೆನಲ್ಲ, ಅದಕ್ಕೆ .22ರಷ್ಟು ಒಳ್ಳೆ ಗುರು ಇಲ್ಲ. ಒದೆತವಿಲ್ಲ, ಖರ್ಚಿಲ್ಲ, ಕೈಯ ದೋಷ ಎಲ್ಲಾ ಕಾಗದದ ಮೇಲೆ ಕಾಣುತ್ತದೆ.

ರೈಫಲ್ ತಂದ ಮೇಲೆ ಮಾಡಬೇಕಾದದ್ದು ಇಷ್ಟು. ಒಂದೇ ಬೋರ್ ಆದರೂ ಪ್ರತಿ ನಳಿಗೆಗೂ ಅದರದ್ದೇ ಒಂದು ಸ್ವಭಾವ ಇರುತ್ತದೆ, ಒಂದು ಕಂಪನಿಯ ಕಾಡತೂಸನ್ನು ಒಂದೇ ರೂಪಾಯಿ ಬಿಲ್ಲೆಯಗಲಕ್ಕೆ ಹಾಕುವ ರೈಫಲ್ ಇನ್ನೊಂದನ್ನು ಅಂಗೈಯಗಲಕ್ಕೆ ಚೆಲ್ಲುತ್ತದೆ. ಮೂರು ನಾಲ್ಕು ಕಂಪನಿಯ 165 ಗ್ರೇನ್ ಡಬ್ಬಿ ತರಬೇಕು. ನೂರು ಗಜದಲ್ಲಿ, ಮರಳು ಚೀಲದ ಮೇಲಿಟ್ಟು, ನಳಿಗೆ ತಣ್ಣಗಾಗಲು ಬಿಟ್ಟು, ಮೂರು ಮೂರು ಗುಂಡು ಹೊಡೆದು ನೋಡಬೇಕು. ಯಾವುದನ್ನು ಆ ನಳಿಗೆ ಒಪ್ಪುತ್ತದೆಯೋ ಅದನ್ನೇ, ಒಂದೇ ಲಾಟ್ ನಂಬರಿನದ್ದು, ಒಟ್ಟಿಗೆ ತಂದಿಡಬೇಕು. ಆಮೇಲೆ ಚೀಲ ತೆಗೆದು ಕೂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆಯಬೇಕು, ಯಾಕೆಂದರೆ ಕಾಡಿನಲ್ಲಿ ಬೆಂಚ್ ಇರುವುದಿಲ್ಲ. ಹಾಗೆ ಹೊಡೆದಾಗ ಎಂಟಿಂಚಿನ ತಟ್ಟೆಗೆ ಪ್ರತಿ ಗುಂಡೂ ಬೀಳುವುದು ಎಷ್ಟು ಗಜದವರೆಗೋ, ಅವನ ಬೇಟೆಯ ದೂರ ಅಷ್ಟೇ. ಅದು 150 ಗಜ ಆದರೆ 150. ಮುನ್ನೂರು ಗಜದಲ್ಲಿ ಎಷ್ಟೇ ದೊಡ್ಡ ಕೊಂಬಿನ ಎಲ್ಕ್ ನಿಂತಿದ್ದರೂ ಟ್ರಿಗರ್ ಮುಟ್ಟಬಾರದು, ಹತ್ತಿರ ಹೋಗಬೇಕು, ಇಲ್ಲಾ ಬಿಡಬೇಕು.